ಲಾಡ್ಜ್ ಅಂದ್ರೆ ರೂಮಲ್ಲ, ಗೇಟ್ ಕಾಯೋರ ಮನೆ

ನಮ್ಮ ಕಡೆ ಲಾಡ್ಜ್ ಅಂದ್ರೆ ಬಸ್ ಸ್ಟ್ಯಾಂಡ್ ಎದುರು, ಬೆಳಿಗ್ಗೆ ಒಂದು ಬಕೆಟ್ ಬಿಸಿನೀರು ಕೊಡೋ ಜಾಗ. ಇಂಗ್ಲೆಂಡಿನ ಹಳೇ ಎಸ್ಟೇಟ್‌ಗಳ ಲಾಡ್ಜ್ ಬೇರೆ. ದೊಡ್ಡಮನೆ ಎಲ್ಲೋ ಒಳಗೆ ಮರಗಳ ಹಿಂದೆ ಇರುತ್ತೆ, ಲಾಡ್ಜ್ ಗೇಟ್ ಪಕ್ಕದಲ್ಲೇ. ಅದ್ರಲ್ಲಿ ಗೇಟ್ ಕಾಯೋನ ಸಂಸಾರ, ಸಾರೋಟಿನ ಸದ್ದು ಕೇಳಿದ ತಕ್ಷಣ ಯಾರಾದ್ರೂ ಓಡಿ ಬಂದು ಗೇಟ್ ತೆಗೀಬೇಕು. ಇಷ್ಟು ಸಣ್ಣ ಕೆಲಸದ ಮನೆಗೆ ಚೂಪು ಛಾವಣಿ, ಕೆತ್ತನೆ ಹಲಗೆ, ಅರಮನೆಗೆ ಇರೋಂಥ ಚಿಮಣಿ ಎಲ್ಲಾ ಯಾಕೆ ಬಂತು?

18ನೇ ಶತಮಾನದಲ್ಲಿ ಇದೆಲ್ಲ ಇರಲಿಲ್ಲ. ಆಗಿನ ಫ್ಯಾಷನ್ ಅಂದ್ರೆ ಗೇಟಿನ ಎಡಕ್ಕೊಂದು ಬಲಕ್ಕೊಂದು, ಅಚ್ಚಲ್ಲಿ ತೆಗೆದಂಗೆ ಒಂದೇ ಥರದ ಎರಡು ಪುಟ್ಟ ಕಲ್ಲಿನ ಡಬ್ಬ. ನೋಡೋಕೆ ಸಮ, ಸರಿ. ಆದ್ರೆ ಒಂದೇ ಸಂಸಾರ ಎರಡು ಡಬ್ಬದಲ್ಲಿ ಹಂಚಿಕೊಂಡು ಬದುಕಬೇಕಾದಾಗ ಅಡುಗೆ ಈ ಕಡೆ ಮಲಗೋದು ಆ ಕಡೆ, ಮಧ್ಯದಲ್ಲಿ ದಾರಿ, ಮಳೆ ಬಂದ್ರೆ ಊಟ ಮುಗಿಸಿ ನೆನ್ಕೊಂಡು ಹೋಗಿ ಮಲಗಬೇಕು.

1794ರಲ್ಲಿ ಯುವೆಡೇಲ್ ಪ್ರೈಸ್, ರಿಚರ್ಡ್ ಪೇನ್ ನೈಟ್ ಅನ್ನೋ ಇಬ್ಬರು ಹೆರೆಫರ್ಡ್‌ಶೈರಿನ ಜಮೀನ್ದಾರರು ಈ ನೀಟು, ಸಮ, ನುಣುಪು ಎಲ್ಲದರ ವಿರುದ್ಧ ಬರೆದ್ರು. ಒರಟಾಗಿರೋದು, ಏರುಪೇರು, ಬಳ್ಳಿ ಹಬ್ಬಿದ ಹಳೇ ಗೋಡೆ, ಇಂಥದ್ದರಲ್ಲೂ ಚಿತ್ರ ಬರೆಯೋಂಥ ಒಂದು ಅಂದ ಇದೆ ಅನ್ನೋದು ಅವರ ವಾದ, ಅದಕ್ಕೇ ಪಿಕ್ಚರೆಸ್ಕ್ ಅಂತ ಹೆಸರು. ಆರ್ಕಿಟೆಕ್ಟ್ ಜಾನ್ ನ್ಯಾಶ್ 1811ರ ಹೊತ್ತಿಗೆ ಬ್ರಿಸ್ಟಲ್ ಹತ್ರ ಬ್ಲೇಸ್ ಹ್ಯಾಮ್ಲೆಟ್‌ನಲ್ಲಿ ಅದನ್ನ ಕಟ್ಟೇ ತೋರಿಸಿದ್ರು. ಹಾರ್ಫರ್ಡ್ ಅನ್ನೋ ಬ್ಯಾಂಕರ್ ತನ್ನ ಎಸ್ಟೇಟಿನ ವಯಸ್ಸಾದ ಕೆಲಸದವರಿಗೆ ಅಂತ ಕಟ್ಟಿಸಿದ ಒಂಬತ್ತು ಮನೆ, ಒಂದರಂಗೆ ಇನ್ನೊಂದಿಲ್ಲ. ಕೆಲವಕ್ಕೆ ಹುಲ್ಲಿನ ಮಾಡು, ಅದರ ಮೇಲೆ ಮನೆ ಅಳತೆಗೇ ಹೊಂದದಷ್ಟು ಎತ್ತರದ ಇಟ್ಟಿಗೆ ಚಿಮಣಿ.

ವಿಕ್ಟೋರಿಯಾ ಕಾಲಕ್ಕೆ ಇದು ಎಸ್ಟೇಟಿಂದ ಎಸ್ಟೇಟಿಗೆ ಹಬ್ಬಿತು. ಲೌಡನ್ ಅನ್ನೋರು 1833ರಲ್ಲಿ ಮನೆ ಪ್ಲಾನ್‌ಗಳದ್ದೇ ಒಂದು ದಪ್ಪ ವಿಶ್ವಕೋಶ ತಂದ್ರು. ಅದಾಗಿ ಐದು ವರ್ಷಕ್ಕೆ ಚಾಟ್ಸ್‌ವರ್ತ್ ಅನ್ನೋ ದೊಡ್ಡ ಎಸ್ಟೇಟಿನ ಡ್ಯೂಕು ತನ್ನ ಎಡೆನ್ಸರ್ ಹಳ್ಳಿಯನ್ನೇ ಹೊಸದಾಗಿ ಕಟ್ಟಿಸೋಕೆ ಶುರು ಮಾಡಿದಾಗ, ಅಲ್ಲಿನ ಹೆಡ್ ಗಾರ್ಡನರ್ ಜೋಸೆಫ್ ಪ್ಯಾಕ್ಸ್ಟನ್ ಜೊತೆ ಕೆಲಸ ಮಾಡಿದ್ದು ಲೌಡನ್ ಹತ್ರ ಡ್ರಾಯಿಂಗ್ ಮಾಡ್ತಿದ್ದ ಜಾನ್ ರಾಬರ್ಟ್‌ಸನ್. ಒಂದು ಮನೆ ಸ್ವಿಸ್, ಇನ್ನೊಂದು ಇಟಲಿ, ಮತ್ತೊಂದು ಟ್ಯೂಡರ್, ಸ್ವಲ್ಪ ಅತಿ ಅಂತಲೇ ನನಗನ್ಸುತ್ತೆ. ಜೊತೆಗೆ ಗಾಜಿನ ಸುಂಕ 1845ರಲ್ಲಿ, ಇಟ್ಟಿಗೆ ಸುಂಕ 1850ರಲ್ಲಿ, ಕಿಟಕಿ ಟ್ಯಾಕ್ಸ್ (ಹೌದು, ಕಿಟಕಿ ಲೆಕ್ಕ ಹಾಕಿ ಟ್ಯಾಕ್ಸ್ ವಸೂಲಿ ಮಾಡ್ತಿದ್ರು) 1851ರಲ್ಲಿ ಹೋಯ್ತು, ರೈಲು ಬಂದು ದೂರದ ಸಾಮಾನೂ ಸುಲಭವಾಗಿ ಸಿಗೋಕೆ ಶುರುವಾಯ್ತು. ತಮಾಷೆ ಏನಂದ್ರೆ ದೊಡ್ಡ ಗಾಜು ಸಿಗೋ ಕಾಲಕ್ಕೂ ಲಾಡ್ಜ್‌ಗೆ ಮಾತ್ರ ಬೇಕಂತಲೇ ಸೀಸದ ಪಟ್ಟಿಯಲ್ಲಿ ಕೂರಿಸಿದ ಸಣ್ಣ ಸಣ್ಣ ಡೈಮಂಡ್ ಗಾಜು, ಹಳೇ ಕಾಲದ್ದು ಅನ್ನಿಸ್ಬೇಕಲ್ಲ.

ಆದ್ರೆ ಎಲ್ಲಾ ಬರೀ ಶೋಕಿ ಅಂತಲೂ ಹೇಳಕ್ಕಾಗಲ್ಲ. ಎಷ್ಟೋ ಲಾಡ್ಜ್‌ಗಳಲ್ಲಿ ದಾರಿ ಕಡೆ ಮುಂದಕ್ಕೆ ಚಾಚಿರೋ ಮೂರು ಮುಖದ ಕಿಟಕಿ ಇರುತ್ತೆ, ಒಳಗೆ ಕೂತೇ ರಸ್ತೆ ಎರಡೂ ಕಡೆ ಕಾಣುತ್ತೆ. ಮಾಡಿನ ತ್ರಿಕೋನದ ಅಂಚಿಗೆ ಹೊಡೆದಿರೋ ಕೊರೆದ ಹಲಗೆ ಅಂದಕ್ಕೂ ಹೌದು, ಅದರ ಹಿಂದಿರೋ ಮರದ ತುದಿಗೆ ಮಳೆ ಹೊಡೀದೇ ಇರ್ಲಿ ಅಂತಲೂ ಹೌದು.

ನನಗೆ ಇಷ್ಟದ್ದು ಲಂಡನ್ನಿನ ಕ್ಯೂ ಗಾರ್ಡನ್ಸ್‌ನ ಟೆಂಪರೇಟ್ ಹೌಸ್ ಲಾಡ್ಜ್. 1867ರದ್ದು, ವಿಲಿಯಂ ಈಡನ್ ನೆಸ್‌ಫೀಲ್ಡ್ ಕಟ್ಟಿದ್ದು, ಅಲ್ಲಿನ ಸಾಲುಮರದ ದಾರಿಗಳನ್ನ ಪ್ಲಾನ್ ಮಾಡಿದ್ದು ಇವರಪ್ಪ. ಕೆಂಪು ಇಟ್ಟಿಗೆ, ಪಿರಮಿಡ್ ಥರ ಕಡಿದಾದ ಮಾಡು, ಅದರ ನಡುನೆತ್ತಿಯಿಂದ ಎದ್ದು ನಿಂತ ಒಂದೇ ಒಂದು ದಪ್ಪ ಚಿಮಣಿ, ಹುಲ್ಲಿಲ್ಲ, ಹಳ್ಳಿಮನೆ ನಾಟಕ ಇಲ್ಲ. ಮುಂದೆ ಕ್ವೀನ್ ಆನ್ ಸ್ಟೈಲ್ ಅಂತ ಊರೆಲ್ಲಾ ಹಬ್ಬಿದ್ದರ ಮೊದಮೊದಲ ಕಟ್ಟಡಗಳಲ್ಲಿ ಈ ಗುಬ್ಬಚ್ಚಿ ಮನೆನೂ ಒಂದು. ಲಾಲ್‌ಬಾಗ್ ನೋಡ್ಕೊಂಡ ಜರ್ಮನ್ ತೋಟಗಾರ ಕ್ರುಂಬಿಗಲ್ ಬರೋಡಾಕ್ಕೆ, ಆಮೇಲೆ ಬೆಂಗಳೂರಿಗೆ ಬರೋ ಮೊದಲು ಕೆಲಸ ಮಾಡಿದ್ದು ಇದೇ ಕ್ಯೂನಲ್ಲಿ. ಅವರು ಕ್ಯೂಗೆ ಸೇರೋ ಹೊತ್ತಿಗೆ ಈ ಲಾಡ್ಜ್ ಕಟ್ಟಿ ಇಪ್ಪತ್ತು ವರ್ಷ ಆಗಿತ್ತು.

ಬೆಂಗಳೂರಿನ ದಂಡು ಪ್ರದೇಶದ ಹಳೇ ಬಂಗಲೆಗಳಲ್ಲಿ ಕಿಟಕಿ ಮೇಲೆ ಟೋಪಿ ಥರ ಚೂಪಾಗಿ ಬಾಗಿರೋ ಮರದ ಮಂಕಿ ಟಾಪ್ ನೋಡಿದೀರಲ್ಲ, ಅದರ ಕೊರೆದ ಅಂಚೂ ಇದೇ ವಂಶದ್ದು, ಇಲ್ಲಿ ಬಿಸಿಲು ತಡೆಯೋ ಕೆಲಸನೂ ಅದಕ್ಕೇ ಬಿತ್ತು.

1894ರಲ್ಲಿ ಸತ್ತವರ ಆಸ್ತಿ ಮೇಲೆ ದೊಡ್ಡ ಟ್ಯಾಕ್ಸ್ ಬಂತು, ಆಮೇಲೆ ಎರಡು ಯುದ್ಧ, ಎಸ್ಟೇಟ್‌ಗಳು ಚೂರುಚೂರಾದವು. ಕೆಲವು ಕಡೆ ದೊಡ್ಡಮನೆ ಕೆಡವಿ ಲಾಡ್ಜ್ ಒಂದೇ ಉಳಿದಿದೆ, ಗೇಟೂ ಇಲ್ಲ, ಒಳಗೆ ಹೋಗೋ ದಾರಿನೂ ಇಲ್ಲ. ಹೆರಿಟೇಜ್ ಪಟ್ಟಿಲಿ ಇರೋದ್ರಿಂದ ಮುಖ ಮುಟ್ಟೋದು ಕಷ್ಟ, ಹಾಗಾಗಿ ಈಗಿನ ಓನರ್‌ಗಳು ಪರ್ಮಿಶನ್ ತಗೊಂಡು ಹಿಂದುಗಡೆ ಒಂದು ಅಡುಗೆಮನೆ ಸೇರಿಸ್ತಾರೆ, ರಸ್ತೆಗೆ ಕಾಣದ ಹಾಗೆ.