ಮಾವ ಬಂದಿದ್ದಾರೋ, ಬಂದಿದ್ದರೋ?

ಕೋಲಾರದ ನನ್ನ ಸಂಜೆ ಇಂಗ್ಲಿಷ್ ಕ್ಲಾಸಿಗೆ ಬರುವವರಲ್ಲಿ ಕೆಲಸ ಹುಡುಕುವವರೇ ಜಾಸ್ತಿ. ನರಸಾಪುರದ ಫ್ಯಾಕ್ಟರಿಗಳಲ್ಲಿ ಇಂಟರ್‌ವ್ಯೂ ಇದೆ ಅಂದರೆ ಬೆಂಚು ಸಾಲದು. ಹೋದ ತಿಂಗಳು ಸುಮ್ನೆ ಅಭ್ಯಾಸಕ್ಕೆಂದು ನಾನೇ ಇಂಟರ್‌ವ್ಯೂ ಮಾಡುತ್ತಿದ್ದೆ. ಹಳೇ ಕೆಲಸದ ಬಗ್ಗೆ ಕೇಳಿದಾಗ ಒಬ್ಬಳು ಹುಡುಗಿ ‘ಐ ಹ್ಯಾವ್ ವರ್ಕ್ಡ್ ದೇರ್ ಫಾರ್ ಟೂ ಇಯರ್ಸ್’ ಎಂದಳು.

‘ಅಲ್ಲಿ ಯಾವಾಗ ರಾಜೀನಾಮೆ ಕೊಡ್ತೀಯಮ್ಮ?’ ಎಂದೆ.

‘ಬಿಟ್ಟು ಆರು ತಿಂಗಳಾಯ್ತಲ್ಲ ಸಾರ್!’

ಅವಳ ವಾಕ್ಯ ಕೇಳಿದವರಿಗೆ ಅವಳಿನ್ನೂ ಅಲ್ಲೇ ಇದ್ದಾಳೆ ಅನ್ನಿಸುತ್ತದೆ. ‘ಐ ವರ್ಕ್ಡ್’ ಅಂದಿದ್ದರೆ ಗೊಂದಲವೇ ಇರುತ್ತಿರಲಿಲ್ಲ.

ಹೀಗೆ ಹ್ಯಾವ್ ಅಥವಾ ಹ್ಯಾಸ್ ಸೇರಿಸಿ ಹೇಳುವ ರೂಪಕ್ಕೆ ಪ್ರೆಸೆಂಟ್ ಪರ್ಫೆಕ್ಟ್ ಅಂತ ಹೆಸರು. ಆ ಹೆಸರು ಕೇಳಿದರೆ ನಮ್ಮವರು ಹೆದರುತ್ತಾರೆ. ಹೆದರುವಂಥದ್ದೇನಿಲ್ಲ, ಅದು ನಮ್ಮ ಮನೆಯಲ್ಲೇ ಇದೆ. ಅಮ್ಮ ಫೋನ್ ಮಾಡಿ ‘ಮಾವ ಬಂದಿದ್ದಾರೆ’ ಅಂದರೆ ಮಾವ ಇನ್ನೂ ಮನೆಯಲ್ಲೇ ಕೂತಿದ್ದಾರೆ, ಬರುವಾಗ ಹಾಲಿನ ಪ್ಯಾಕೆಟ್ ತರಬೇಕು. ‘ಬಂದಿದ್ದರು’ ಅಂದರೆ ಬಂದು ಹೋದರು, ಹಾಲು ಬೇಡ. ‘ಅಂಕಲ್ ಹ್ಯಾಸ್ ಕಮ್’ ಅಂದರೂ ಹಾಲು ತರಲೇಬೇಕು.

ತೊಂದರೆ ಶುರುವಾಗುವುದು ‘ನಿನ್ನೆ’ ಸೇರಿಸಿದಾಗ. ‘ಮಾವ ನಿನ್ನೆ ಬಂದಿದ್ದಾರೆ’ ಅನ್ನುವುದು ಒಳ್ಳೆಯ ಕನ್ನಡ. ಇಂಗ್ಲಿಷ್ ಅದನ್ನು ಒಪ್ಪುವುದಿಲ್ಲ. ಯೆಸ್ಟರ್ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಇಲ್ಲವೇ ಒಂದು ಇಸವಿ, ಹೀಗೆ ಮುಗಿದ ಕಾಲದ ಹೆಸರು ಬಂದ ಕೂಡಲೇ ‘ಹ್ಯಾವ್’ ಜಾಗ ಖಾಲಿ ಮಾಡಬೇಕು.

ಇಲ್ಲಿ ಪ್ರತಿ ಬ್ಯಾಚಿನಲ್ಲೂ ಒಬ್ಬರು ಜಗಳಕ್ಕೆ ಬರುತ್ತಾರೆ. ನಾನು ಕೊಡುವ ಉದಾಹರಣೆ ಕೆಜಿಎಫ್‌ನ ಚಿನ್ನದ ಗಣಿ. ‘ದಿ ಮೈನ್ಸ್ ಕ್ಲೋಸ್ಡ್ ಇನ್ 2001.’ ‘ಸಾರ್, ಇನ್ನೂ ಮುಚ್ಚೇ ಇದೆಯಲ್ಲ, ಹ್ಯಾವ್ ಬರಬೇಕಲ್ವಾ?’ ಒಳ್ಳೆಯ ಪ್ರಶ್ನೆ. ಪರಿಣಾಮ ಇವತ್ತಿಗೂ ಇದ್ದರೆ ಹ್ಯಾವ್ ಹಾಕಿ ಎಂದು ಪಾಠ ಮಾಡಿದವನು ನಾನೇ. ಆದರೆ ಪರಿಣಾಮಕ್ಕಿಂತ ಇಸವಿಯ ಮಾತೇ ಮೇಲು. ಅವತ್ತೇ ಗಣಿಯ ಗೇಟಿನಿಂದ ಮನೆಗೆ ಬಂದು ಸುದ್ದಿ ಮುಟ್ಟಿಸಿದವನು ‘ದಿ ಮೈನ್ಸ್ ಹ್ಯಾವ್ ಕ್ಲೋಸ್ಡ್’ ಅನ್ನಬಹುದಿತ್ತು. ಅವನು ಇಸವಿ ಹೇಳುತ್ತಿಲ್ಲ, ಬಿಸಿ ಸುದ್ದಿ ಹೇಳುತ್ತಿದ್ದಾನೆ.

‘ದಿಸ್ ಮಾರ್ನಿಂಗ್’ ಮಾತ್ರ ಎರಡೂ ಕಡೆ ಸಲ್ಲುತ್ತದೆ. ಬೆಳಿಗ್ಗೆ ಹತ್ತಕ್ಕೆ ‘ಐ ಹ್ಯಾವ್ ಹ್ಯಾಡ್ ಟೂ ಕಾಫೀಸ್ ದಿಸ್ ಮಾರ್ನಿಂಗ್’ ಅನ್ನಬಹುದು, ಇನ್ನೊಂದು ಲೋಟಕ್ಕೆ ಹೊತ್ತಿದೆ. ಸಂಜೆ ಅದೇ ಮಾತು ‘ಐ ಹ್ಯಾಡ್’ ಆಗುತ್ತದೆ.

ನನ್ನನ್ನು ಕೇಳಿದರೆ, ನಮ್ಮವರ ದೊಡ್ಡ ತಪ್ಪು ಹ್ಯಾವ್ ಅಲ್ಲ, ಹ್ಯಾಡ್. ‘ನಿನ್ನೆ ಬೆಂಗಳೂರಿಗೆ ಹೋಗಿದ್ದೆ’ ಅನ್ನುವುದು ‘ಐ ಹ್ಯಾಡ್ ಗಾನ್ ಟು ಬೆಂಗಳೂರು ಯೆಸ್ಟರ್ಡೇ’ ಆಗಿಬಿಡುತ್ತದೆ. ನಾವು ಹೋಗಿ ವಾಪಸ್ ಬಂದದ್ದಕ್ಕೆಲ್ಲ ‘ಹೋಗಿದ್ದೆ’ ಅನ್ನುತ್ತೇವೆ. ಇಂಗ್ಲಿಷಿನ ‘ಹ್ಯಾಡ್ ಗಾನ್’ ಥರದ ಹ್ಯಾಡ್‌ಗೆ ಅದರ ಆಮೇಲೆ ನಡೆದ ಇನ್ನೊಂದು ಸಂಗತಿ ಜೊತೆಗೆ ಬೇಕು. ನಾನು ಬಸ್ ಸ್ಟ್ಯಾಂಡ್ ಮುಟ್ಟುವ ಹೊತ್ತಿಗೆ ಬಸ್ ಹೊರಟುಹೋಗಿತ್ತು ಅಂತೀವಲ್ಲ, ಹಾಗೆ. ಒಂದೇ ಸಂಗತಿ ಇದ್ದರೆ ‘ಐ ವೆಂಟ್’ ಸಾಕು.

ಅಮೆರಿಕದವರ ಜೊತೆ ಮಾತಾಡುವ ಕೆಲಸ ಸಿಕ್ಕವರು ಇನ್ನೊಂದು ಗಮನಿಸಿ. ಬ್ರಿಟಿಷರು ‘ಹ್ಯಾವ್ ಯು ಈಟನ್ ಯೆಟ್?’ ಅನ್ನುವ ಕಡೆ ಅವರು ‘ಡಿಡ್ ಯು ಈಟ್ ಯೆಟ್?’ ಅನ್ನುವುದೂ ಉಂಟು. ಅದು ತಪ್ಪಲ್ಲ. ನಾವೂ ‘ಊಟ ಆಯ್ತಾ?’ ಅಂತಲೇ ತಾನೇ ಕೇಳುವುದು?