ಸ್ಕ್ಯಾನಿನಲ್ಲಿ ಕಂಡ ಹರುಕು, ಮಂಡಿಯಲ್ಲಿರುವ ನೋವು

1918ರಲ್ಲಿ ಟೋಕಿಯೋದ ವೈದ್ಯ ಕೆಂಜಿ ಟಕಾಗಿ, ಮೂತ್ರಕೋಶ ನೋಡುವ ಸಿಸ್ಟೋಸ್ಕೋಪನ್ನು ಶವವೊಂದರ ಮಂಡಿಯೊಳಗೆ ತೂರಿಸಿ ನೋಡಿದರು. ಆಗ ಕ್ಷಯ ಮಂಡಿಯನ್ನೂ ಹಿಡಿಯುತ್ತಿತ್ತು. ಕೀಲು ಬಿಗಿದರೆ ಜಪಾನೀಯರಿಗೆ ನೆಲದ ಮೇಲೆ ಕಾಲು ಮಡಚಿ ಕೂರಲಾಗುತ್ತಿರಲಿಲ್ಲ. ಚಾಪೆ ಮೇಲೆ ಕೂತು ಉಂಡು ಬೆಳೆದ ನಮಗೆ ಆ ಸಂಕಟ ಅರ್ಥವಾಗುತ್ತದೆ. 1895ರಿಂದಲೇ ಎಕ್ಸ್-ರೇ ಇತ್ತು, ನಿಜ. ಅದರಲ್ಲಿ ಮೂಳೆ ಕಾಣುತ್ತಿತ್ತು. ಮೂಳೆಗಳ ನಡುವಿನ ಮೆನಿಸ್ಕಸ್ ಎಂಬ ಮೆತ್ತೆ ಕಾಣುತ್ತಿರಲಿಲ್ಲ.

ಟಕಾಗಿಯವರ ಶಿಷ್ಯ ಮಸಾಕಿ ವಾಟನಬೆ ಮಂಡಿಯೊಳಗೆ ನೋಡುವ ಇಂಥ ಕೊಳವೆಯ ಒಂದರ ಮೇಲೊಂದು ಮಾದರಿ ಮಾಡುತ್ತಾ ಹೋಗಿ, 21ನೆಯದರಲ್ಲಿ ಗೆದ್ದರು. ಅದರ ತುದಿಯ ಪುಟ್ಟ ಬಲ್ಬು ಕೆಲವೊಮ್ಮೆ ಮಂಡಿಯೊಳಗೇ ಒಡೆಯುತ್ತಿತ್ತಂತೆ! ಆದರೂ 1962ರಲ್ಲಿ ಅವರು ಮಂಡಿಯನ್ನು ಅಗಲವಾಗಿ ಕುಯ್ಯದೆ, ಮೆನಿಸ್ಕಸ್‌ನ ಹರಿದ ಚೂರನ್ನಷ್ಟೇ ತೆಗೆದರು. 1964ರಲ್ಲಿ ಕೆನಡಾದ ರಾಬರ್ಟ್ ಜಾಕ್ಸನ್ ಟೋಕಿಯೋಗೆ ಬಂದು ಕಲಿತು, ಕೀಲಿನೊಳಗೆ ಕೊಳವೆ ತೂರಿಸಿ ನೋಡಿ ಸರಿಪಡಿಸುವ ಈ ಆರ್ಥ್ರೋಸ್ಕೋಪಿಯನ್ನು ಪಶ್ಚಿಮಕ್ಕೆ ಒಯ್ದರು.

ಆಮೇಲೆ ಎಂಆರ್‌ಐ ಬಂತು, ಕುಯ್ಯದೆಯೇ ಎಲ್ಲವೂ ಕಾಣತೊಡಗಿತು. ತೊಡಕು ಶುರುವಾದದ್ದೂ ಇಲ್ಲಿಂದಲೇ ಎನ್ನುತ್ತೇನೆ. ಕಂಡದ್ದನ್ನೆಲ್ಲ ಸರಿಪಡಿಸುವ ಆತುರ ಬೆಳೆಯಿತು. 2002ರಲ್ಲಿ ಅಮೆರಿಕದ ಹೂಸ್ಟನ್‌ನ ವೈದ್ಯರು ಮಂಡಿ ಸವೆದ 180 ಜನರಲ್ಲಿ ಕೆಲವರಿಗೆ ಆರ್ಥ್ರೋಸ್ಕೋಪಿ ಮಾಡಿ, ಉಳಿದವರಿಗೆ ಚರ್ಮ ಮಾತ್ರ ಕುಯ್ದು ಹೊಲಿದರು. ಎರಡು ವರ್ಷ ಗಮನಿಸಿದರೂ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. 2008ರಲ್ಲಿ ಅಮೆರಿಕದ್ದೇ ಇನ್ನೊಂದು ಅಧ್ಯಯನ 50 ದಾಟಿದ 991 ಜನರ ಮಂಡಿ ಸ್ಕ್ಯಾನ್ ಮಾಡಿತು. ಮೆನಿಸ್ಕಸ್ ಹರಿದಿದ್ದವರಲ್ಲಿ ಶೇ 61 ಮಂದಿಗೆ ಹಿಂದಿನ ತಿಂಗಳಲ್ಲಿ ನೋವೂ ಇರಲಿಲ್ಲ, ಬಿಗಿತವೂ ಇರಲಿಲ್ಲ. ಹಾಗಾಗಿ ‘ಹರಿದಿದೆ’ ಎಂಬ ರಿಪೋರ್ಟ್ ಕೈಗೆ ಬಂದ ಮಾತ್ರಕ್ಕೆ ನಡುವಯಸ್ಸಿನವರು ಆಪರೇಷನ್ ಟೇಬಲ್ ಹತ್ತಬೇಕಿಲ್ಲ. ಆಟವಾಡುವಾಗ ಏಟು ತಿಂದು ಮಂಡಿ ಸಿಕ್ಕಿಕೊಂಡು ನೇರವಾಗದ ಹುಡುಗರ ಮಾತು ಬೇರೆ. ಅವರಿಗೆ ಆರ್ಥ್ರೋಸ್ಕೋಪಿ ಇಂದಿಗೂ ವರ.

ಈಗ ಅಲ್ಟ್ರಾಸೌಂಡ್ ನೋಡುತ್ತಲೇ ಸೂಜಿಯನ್ನು ಬೇಕಾದ ಕಡೆಗೇ ಇಳಿಸಿ ನೀರು ತೆಗೆಯುತ್ತಾರೆ, ಇಂಜೆಕ್ಷನ್ ಕೊಡುತ್ತಾರೆ. ಜಪಾನಿನ ಯೂಜಿ ಒಕುನೊ ಮತ್ತೊಂದು ದಾರಿ ತೋರಿದ್ದಾರೆ: ಉರಿಯೂತವಿರುವ ಮಂಡಿಯಲ್ಲಿ ಹೊಸದಾಗಿ ಹುಟ್ಟಿಕೊಂಡ ಸಣ್ಣ ರಕ್ತನಾಳಗಳನ್ನು, ಎಕ್ಸ್-ರೇ ಪರದೆ ನೋಡುತ್ತಾ ತೆಳು ನಳಿಕೆ ತೂರಿಸಿ, ಸೂಕ್ಷ್ಮ ಕಣಗಳಿಂದ ಮುಚ್ಚುವುದು. ಹೂಸ್ಟನ್‌ನಂತೆ ಹುಸಿ ಚಿಕಿತ್ಸೆಯ ಜೊತೆ ಹೋಲಿಸುವ ಪರೀಕ್ಷೆ ಇದಕ್ಕೂ ನಡೆದಿದೆ. ಆದರೆ ಅವು ಚಿಕ್ಕ ಪರೀಕ್ಷೆಗಳು, ಫಲಿತಾಂಶವೂ ಒಂದೇ ತೆರನಾಗಿಲ್ಲ.