ಪುಣೆಯ ಟೆರೇಸಿಗೆ ಮೊದಲ ಸ್ಮೋಕರ್ ಯಾವುದು?

ಪ್ರಶ್ನೆ: ಪುಣೆಯಲ್ಲಿ ನಮ್ಮದು ಕೊನೆಯ ಮಹಡಿಯ ಫ್ಲ್ಯಾಟ್. ಹಾಲ್‌ಗೆ ಹೊಂದಿಕೊಂಡಂತೆ ನಮ್ಮದೇ ಒಂದು ಸಣ್ಣ ತೆರೆದ ಟೆರೇಸ್ ಇದೆ. ಹಂದಿ, ಕೋಳಿ, ಬಂಗುಡೆ ಎಲ್ಲವನ್ನೂ ಹೊಗೆಯಲ್ಲಿ ಬೇಯಿಸಬೇಕೆಂಬ ಆಸೆ. ಅದಕ್ಕೆಂದೇ ಮಾಡಿದ ಒಲೆ, ಅಂದರೆ ಸ್ಮೋಕರ್, ಹುಡುಕಿದರೆ ಎಲೆಕ್ಟ್ರಿಕ್, ಪೆಲೆಟ್, ಇದ್ದಿಲಿನದು ಎಂದು ನೂರೆಂಟು ನಮೂನೆ ಕಾಣುತ್ತವೆ. ಮೊದಲ ಸಲಕ್ಕೆ ಯಾವುದನ್ನು ತಗೊಳ್ಳಬೇಕು?

ಉತ್ತರ: 57 ಸೆಂಟಿಮೀಟರ್ ಅಗಲದ, ಗುಮ್ಮಟದಂಥ ಮುಚ್ಚಳವಿರುವ ದುಂಡನೆಯ ಇದ್ದಿಲು ಗ್ರಿಲ್ ತಗೊಳ್ಳಿ. ಅಂಗಡಿಯವರು ಇದನ್ನು ಕೆಟಲ್ ಅನ್ನುತ್ತಾರೆ. ಅದಕ್ಕೂ ಮೊದಲು, ಎರಡು ಕಡ್ಡಿಗಳಿರುವ ಒಂದು ಡಿಜಿಟಲ್ ಥರ್ಮಾಮೀಟರಿಗೆ ದುಡ್ಡು ತೆಗೆದಿಡಿ. ಒಂದು ಕಡ್ಡಿ ಮಾಂಸದೊಳಗೆ, ಇನ್ನೊಂದು ಮಾಂಸದ ಪಕ್ಕ ಜಾಲರಿಯ ಮೇಲೆ. ಮುಚ್ಚಳಕ್ಕೆ ಕೂಡಿಸಿ ಕೊಡುವ ಮುಳ್ಳಿನ ಮಾಪಕ ಗುಮ್ಮಟದ ಬಿಸಿ ಹೇಳುತ್ತದೆ, ಮಾಂಸ ಕೂತಿರುವ ಜಾಗದ್ದಲ್ಲ. ಅದನ್ನು ನಂಬಿದವರ ಕೋಳಿ ಹೊರಗೆ ಕಪ್ಪು, ಮೂಳೆಯ ಹತ್ತಿರ ಹಸಿ.

ಸ್ಮೋಕರ್ ಕೇಳಿದರೆ ಗ್ರಿಲ್ ಯಾಕೆ ಹೇಳುತ್ತಿದ್ದೀರಿ ಅನ್ನಿಸಬಹುದು. ಹೊಗೆ ಅಡುಗೆ ನಿಂತಿರುವುದು ಗಾಳಿಯ ಮೇಲಿನ ಹಿಡಿತದ ಮೇಲೆ. ಜಾಲರಿಯ ಮಟ್ಟದಲ್ಲಿ 107ರಿಂದ 121 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು ಗಂಟೆಗಟ್ಟಲೆ ಹಿಡಿದಿಡಬೇಕು. ಗಟ್ಟಿ ಮಾಂಸದ ನಾರಿನ ನಡುವಿನ ಕೊಲಾಜನ್ ಕರಗಿ ಮೆತ್ತಗಾಗಲು ಅಷ್ಟು ಹೊತ್ತು ಬೇಕೇ ಬೇಕು. 1952ರಲ್ಲಿ, ಶಿಕಾಗೋದ ವೆಬರ್ ಬ್ರದರ್ಸ್ ಲೋಹದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್ ನೀರಿನ ಮೇಲೆ ತೇಲಿಬಿಡುವ ಲೋಹದ ಗೋಳವನ್ನು ಅರ್ಧಕ್ಕೆ ಕತ್ತರಿಸಿ ಒಲೆ ಮತ್ತು ಮುಚ್ಚಳ ಮಾಡಿಕೊಂಡರು, ಕೆಟಲ್ ಹುಟ್ಟಿದ್ದು ಹಾಗೆ. ಇಂದಿನ ಕೆಟಲಿಗೆ ಕೆಳಗೊಂದು ಗಾಳಿಕಂಡಿ, ಮೇಲೊಂದು ಗಾಳಿಕಂಡಿ. ಈ ಎರಡನ್ನು ತೆರೆದು ಮುಚ್ಚುವುದು ಕೈಗೆ ಬಂದರೆ ಮುಂದೆ ಯಾವ ಸ್ಮೋಕರನ್ನಾದರೂ ನಡೆಸಬಹುದು. ಮೇಲಾಗಿ, ಹೊಗೆಯ ಹುಚ್ಚು ಇಳಿದರೂ ಕೆಟಲ್ ಮೂಲೆ ಸೇರುವುದಿಲ್ಲ, ಭಾನುವಾರದ ಸುಟ್ಟ ಕೋಳಿಗೆ ಇದ್ದೇ ಇರುತ್ತದೆ.

ಅಮೆರಿಕದಲ್ಲಿರುವ ತಮ್ಮನೋ ಭಾವನೋ ಎಲೆಕ್ಟ್ರಿಕ್ ಸ್ಮೋಕರ್ ತಂದುಕೊಡುತ್ತೇನೆ ಅಂದರೆ ಪ್ರೀತಿಯಿಂದಲೇ ಬೇಡವೆನ್ನಿ. ಅಲ್ಲಿಯದು 120 ವೋಲ್ಟ್, ನಮ್ಮದು 230. ಅದಕ್ಕೆ ಬೇಕಾದ ಭಾರದ ಟ್ರಾನ್ಸ್‌ಫಾರ್ಮರನ್ನು ಬಯಲು ಟೆರೇಸಿನಲ್ಲಿ ಇಟ್ಟುಕೊಳ್ಳುವುದು ಅಪಾಯ. ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆಗಳನ್ನು ಉರಿಸುವ ಪೆಲೆಟ್ ಯಂತ್ರ ನಿಜಕ್ಕೂ ಸುಖದ್ದು, ಬಿಸಿಯನ್ನು ತಾನೇ ನೋಡಿಕೊಳ್ಳುತ್ತದೆ. ಆದರೆ ಅದಕ್ಕೆ ಅಡುಗೆಗೆಂದೇ ಮಾಡಿದ ಗಟ್ಟಿಮರದ ಪೆಲೆಟ್ ಬೇಕು. ಕಾರ್ಖಾನೆಯ ಬಾಯ್ಲರಿಗೆಂದು ಮಾರುವ ಪೆಲೆಟ್ಟಿನಲ್ಲಿ ಹೊಲದ ಕಸ, ಯಾವ್ಯಾವುದೋ ಮರದ ಹೊಟ್ಟು ಸೇರಿರುತ್ತದೆ, ಅದರ ಹೊಗೆ ಊಟಕ್ಕಲ್ಲ. ಸರಿಯಾದ ಪೆಲೆಟ್ ತಪ್ಪದೆ ಸಿಗುವ ದಾರಿ ಕಂಡುಕೊಳ್ಳದೆ ಆ ಯಂತ್ರ ಕೊಳ್ಳಬೇಡಿ.

ಪಕ್ಕದಲ್ಲಿ ಬೆಂಕಿಪೆಟ್ಟಿಗೆ ಜೋಡಿಸಿದ, ನೋಡಲು ಭರ್ಜರಿಯಾದ ಆಫ್‌ಸೆಟ್ ಸ್ಮೋಕರ್ ಎಲ್ಲರ ಕಣ್ಣು ಸೆಳೆಯುತ್ತದೆ. ತೆಳು ತಗಡಿನದಾದರೆ ಕೀಲುಗಳಲ್ಲೆಲ್ಲ ಗಾಳಿ ಸೋರುತ್ತದೆ, ಬಿಸಿ ನಿಲ್ಲುವುದಿಲ್ಲ, ಇಡೀ ದಿನ ಕಟ್ಟಿಗೆ ಹಾಕುತ್ತಾ ಕೂರಬೇಕು. ದಪ್ಪ ಉಕ್ಕಿನದು ಒಳ್ಳೆಯದೇ, ಆದರೆ ಅದರ ಭಾರಕ್ಕೂ ಹೊಗೆಗೂ ಅಂಗಳವಿರುವ ಮನೆಯೇ ಸರಿ. ಇನ್ನು ಭೋಸರಿ ಕಡೆ ಫ್ಯಾಬ್ರಿಕೇಶನ್ ಮಾಡುವವರು ಡ್ರಮ್ಮಿನಲ್ಲಿ ಮಾಡಿಕೊಡುತ್ತೇನೆ ಅಂದರೆ ಎರಡು ವಿಷಯ ಬಿಗಿಯಾಗಿ ಹೇಳಿ. ಸತು ಲೇಪಿಸಿದ ಜಿಐ ತಗಡು ಎಲ್ಲೂ ಇರಕೂಡದು, ಬೆಂಕಿಗೆ ಅದರ ಹೊಗೆ ವಿಷ. ರಾಸಾಯನಿಕ ತುಂಬಿದ್ದ ಅಥವಾ ಒಳಗೆ ಬಣ್ಣ ಬಳಿದ ಡ್ರಮ್ ಕೂಡ ಬೇಡ.

ಕೊಡಗು, ಮಲೆನಾಡಿನ ಕಡೆಯವರು ಒಲೆಯ ಮೇಲೆ ಮಾಂಸ ತೂಗುಹಾಕಿ ಹೊಗೆಗೆ ಒಣಗಿಸುವುದನ್ನು ನೋಡಿ ಬೆಳೆದಿರುತ್ತಾರೆ, ಅದನ್ನೇ ಇಲ್ಲೂ ಮಾಡಬಹುದೇ ಎಂದು ಕೇಳುತ್ತಾರೆ. ಅದು ಬೇಯಿಸುವ ಕೆಲಸವಲ್ಲ, ಕೆಡದಂತೆ ಕಾಪಿಡುವ ಕೆಲಸ. ಉಪ್ಪು, ದಿನವೂ ಉರಿಯುವ ಒಲೆ, ನೋಡಿ ಪಳಗಿದ ಕೈ, ಮೂರೂ ಅಲ್ಲಿರುತ್ತವೆ. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಟೆರೇಸಿನ ಉಗುರುಬೆಚ್ಚಗಿನ ಹೊಗೆಯಲ್ಲಿ ಹಸಿ ಮಾಂಸವನ್ನು ತಾಸುಗಟ್ಟಲೆ ಬಿಟ್ಟರೆ ಮನೆಮಂದಿಯ ಆರೋಗ್ಯದ ಜೊತೆ ಆಡಿದಂತೆ. ಮೊದಲ ವರ್ಷ ಬಿಸಿ ಹೊಗೆ ಮಾತ್ರ ಸಾಕು.

ಈಗ ಬೆಂಕಿಯ ವಿಷಯ, ಇಲ್ಲಿ ಸ್ವಲ್ಪ ನಿಧಾನಿಸಿ. ಇಸ್ತ್ರಿಯವರು ಬಳಸುವ ಇದ್ದಿಲು ತುಂಡು ತುಂಡಾಗಿ, ಒಂದೊಂದು ಒಂದೊಂದು ಗಾತ್ರಕ್ಕಿರುತ್ತದೆ. ಬೇಗ ಹೊತ್ತುತ್ತದೆ, ಬೇಗ ಇಳಿಯುತ್ತದೆ. ದೀರ್ಘ ಅಡುಗೆಗೆ ಇದ್ದಿಲ ಪುಡಿಯನ್ನು ಒತ್ತಿ ಮಾಡಿದ, ಒಂದೇ ಗಾತ್ರದ ಬ್ರಿಕೆಟ್ ಒಳ್ಳೆಯದು, ಸೀಮೆಎಣ್ಣೆಯಂಥ ದ್ರವ ಸವರಿದ್ದು ಬೇಡ. ಕೆಟಲಿನ ಒಳಗಂಚಿಗೆ ಬ್ರಿಕೆಟ್‌ಗಳನ್ನು ಎರಡು ಸಾಲು, ಎರಡು ಪದರವಾಗಿ ಮುಕ್ಕಾಲು ಸುತ್ತು ಜೋಡಿಸಿ. ಒಂದು ತುದಿಗೆ ಮಾತ್ರ ಏಳೆಂಟು ಕೆಂಡ ಇಡಿ. ಬೆಂಕಿ ಹಾವಿನ ಹಾಗೆ ಸಾಲು ಹಿಡಿದು ತೆವಳುತ್ತಾ ಗಂಟೆಗಟ್ಟಲೆ ಹೋಗುತ್ತದೆ. ನಡುವೆ ಒಂದು ತಟ್ಟೆ ನೀರು, ಅದರ ಮೇಲಿನ ಜಾಲರಿಯಲ್ಲಿ ಮಾಂಸ. ಮೇಲಿನ ಕಂಡಿ ಪೂರ್ತಿ ತೆರೆದಿರಲಿ, ಬಿಸಿಯನ್ನು ಕೆಳಗಿನ ಕಂಡಿಯಿಂದ ಏರಿಸಿ ಇಳಿಸಿ. ಪದೇ ಪದೇ ಮುಚ್ಚಳ ಎತ್ತಬೇಡಿ.

ಹೊಗೆ ಕೊಡುವುದು ಬ್ರಿಕೆಟ್ ಅಲ್ಲ, ಅದರ ಮೇಲಿಡುವ ಮರ. ಮುಷ್ಟಿಗಾತ್ರದ ಮೂರ್ನಾಲ್ಕು ತುಂಡು ಸಾಕು. ಚೆನ್ನಾಗಿ ಒಣಗಿದ ಸೀಬೆ ಮರ ನನಗೆ ಎಲ್ಲಕ್ಕಿಂತ ಇಷ್ಟ. ಮಾವೂ ಒಳ್ಳೆಯದೇ, ಮಾವಿನ ಸೊನೆಗೆ ಅಲರ್ಜಿ ಇರುವವರು ಬಿಡಲಿ. ಬೇವು ಬೇಡ, ದೇವದಾರಿನಂಥ ರಾಳದ ಮರವೂ ಬೇಡ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನ ಚೂರುಪಾರು ಪುಕ್ಕಟೆ ಸಿಕ್ಕರೂ ಪ್ಲೈವುಡ್, ಬಣ್ಣ ಬಳಿದದ್ದು, ಔಷಧಿ ಕುಡಿಸಿದ್ದು ಮುಟ್ಟಬೇಡಿ. ಮರವನ್ನು ನೀರಲ್ಲಿ ನೆನೆಸುವುದೂ ಬೇಡ, ಮೊದಲು ಬರುವುದು ಬರೀ ಹಬೆ. ದಟ್ಟ ಬಿಳಿ ಹೊಗೆ ಏಳುತ್ತಿದ್ದರೆ ಮಾಂಸ ಇಡದೆ ಕಾಯಿರಿ, ಅದು ಕಹಿ ಹಿಡಿಸುತ್ತದೆ. ಕಂಡೂ ಕಾಣದಂತೆ ತೆಳು ನೀಲಿ ಹೊಗೆ ಬಂದಾಗ ಇಡಿ.

ಮೊದಲ ಅಡುಗೆ ಕೋಳಿಕಾಲು. ಹಿಂದಿನ ರಾತ್ರಿ ಉಪ್ಪು, ಬ್ಯಾಡಗಿ ಮೆಣಸಿನ ಪುಡಿ, ಕಾಳುಮೆಣಸು, ಜೀರಿಗೆ ಸವರಿ ಫ್ರಿಜ್ಜಿನಲ್ಲಿ ತೆರೆದಿಡಿ. ಕೋಳಿಗೆ ಮಾತ್ರ ಬಿಸಿ 140ರ ಆಸುಪಾಸು ಇರಲಿ, ಕಡಿಮೆ ಬಿಸಿಯಲ್ಲಿ ಚರ್ಮ ರಬ್ಬರಾಗುತ್ತದೆ. ಒಳಗೆ ಕನಿಷ್ಠ 74 ಡಿಗ್ರಿ ಮುಟ್ಟಲೇಬೇಕು. ಆಮೇಲೆ ಹಂದಿಯ ಭುಜದ ಭಾಗ, ಪುಣೆಯ ಕ್ಯಾಂಪ್ ಬಡಾವಣೆಯ ಅಂಗಡಿಗಳಲ್ಲಿ ಕೇಳಿ ನೋಡಿ. ಎರಡು ಕಿಲೋ ತುಂಡಿಗೆ ಹೆಚ್ಚುಕಡಿಮೆ ಇಡೀ ದಿನ ಮೀಸಲಿಡಿ. 70 ಡಿಗ್ರಿಯ ಸುತ್ತ ಮಾಂಸದೊಳಗಿನ ಬಿಸಿ ಗಂಟೆಗಟ್ಟಲೆ ಅಲ್ಲೇ ನಿಲ್ಲುತ್ತದೆ. ಕೆಟ್ಟಿತೆಂದು ಗಾಬರಿಯಾಗಿ ಬೆಂಕಿ ಹೆಚ್ಚಿಸಬೇಡಿ, ಮೇಲ್ಮೈಯ ತೇವ ಆವಿಯಾಗುತ್ತಾ ಮಾಂಸವನ್ನು ತಂಪಾಗಿಸುತ್ತಿರುತ್ತದೆ ಅಷ್ಟೆ. ಫಾಯಿಲಿನಲ್ಲಿ ಸುತ್ತಿದರೆ ದಾಟುತ್ತದೆ. 93ರ ಸುಮಾರಿಗೆ ಬೆರಳಲ್ಲೇ ಎಳೆಎಳೆಯಾಗಿ ಬಿಡುತ್ತದೆ.

ಟೆರೇಸಿನ ಹಾಸಿನ ಮೇಲೆ ನೇರ ಇಡದೆ ಕೆಳಗೆ ಸಿಮೆಂಟಿನ ಪೇವರ್ ಹಾಸಿ. ಸೊಸೈಟಿಯವರಿಗೂ ಪಕ್ಕದ ಮನೆಯವರಿಗೂ ಮೊದಲೇ ಹೇಳಿಬಿಡಿ. ಗಾಜು ಹಾಕಿ ಮುಚ್ಚಿದ ಬಾಲ್ಕನಿಯವರು ದಯವಿಟ್ಟು ಇದ್ಯಾವುದನ್ನೂ ಕೊಳ್ಳಬೇಡಿ. ಇದ್ದಿಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಬೂದಿಯೊಳಗೆ ಮರುದಿನವೂ ಕೆಂಡವಿರಬಹುದು, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಎರಡು ದಿನ ಇಟ್ಟು ಆಮೇಲೆ ಕಸಕ್ಕೆ ಹಾಕಿ. ಮಳೆಗಾಲದ ತೇವ ಹೀರಿದ ಇದ್ದಿಲು ಹೊಗೆ ಉಗುಳುತ್ತದೆಯೇ ಹೊರತು ಸರಿಯಾಗಿ ಉರಿಯುವುದಿಲ್ಲ. ಅವಸರವಿಲ್ಲದಿದ್ದರೆ ದೀಪಾವಳಿಯ ಹೊತ್ತಿಗೆ ಕೊಳ್ಳಿ, ನವೆಂಬರಿನಿಂದ ಫೆಬ್ರವರಿವರೆಗೆ ಪುಣೆಯ ಒಣ ಹವೆಯಲ್ಲಿ ಬೆಂಕಿ ಬೇಗ ಹದಕ್ಕೆ ಬರುತ್ತದೆ.